ಫೆಬ್ರವರಿ ರಜೆಗೆ ಎಲ್ಲಿಗೆ?

ಫೆಬ್ರವರಿಯ ಹಾಫ್ ಟರ್ಮ್ ರಜೆಗೆ ಎಲ್ಲಿಗೆ ಹೋಗೋಣ ಅನ್ನೋ ಚರ್ಚೆ ನಿಮ್ಮ ಮನೆಯಲ್ಲೂ ಶುರುವಾಗಿರಬೇಕು. ಹೋದ ವರ್ಷ ನನ್ನ ಮಗ ಟೆನೆರಿಫೆ ಅಂತ ಹಟ ಹಿಡಿದ. ಅವನದು ತಪ್ಪಲ್ಲ. ಲಂಡನ್ನಿನಿಂದ ನಾಲ್ಕೂವರೆ ಗಂಟೆ, ಚಳಿಗಾಲದಲ್ಲೂ 20 ಡಿಗ್ರಿಯ ಬಿಸಿಲು, ನೋಡೋಕೆ 3,715 ಮೀಟರ್ ಎತ್ತರದ ಟೇಡೆ ಜ್ವಾಲಾಮುಖಿ.

ನಾನು ಸಾಗರ ಅಂದೆ. "ಅಲ್ಲಿ ಬರೀ ಮಳೆ, ಉಂಬಳ" ಅಂದ. ಪಾಪ, ಅವನು ಕಂಡಿದ್ದೇ ಅಷ್ಟು. ಇಲ್ಲಿನ ಬೇಸಿಗೆ ರಜೆಗೆ ನಾವು ಊರಿಗೆ ಹೋಗೋದು ಜುಲೈ, ಆಗಸ್ಟಿನಲ್ಲಿ. ಮಲೆನಾಡಿನಲ್ಲಿ ಆಗ ಜಡಿಮಳೆ. ಎಂಬತ್ತು ದಾಟಿದ ನಮ್ಮತ್ತೆ ಜಾರುವ ಅಂಗಳಕ್ಕೆ ಇಳಿಯೋದೇ ಇಲ್ಲ. ಹದಿನಾರು ವರ್ಷ ಅವನು ಅಜ್ಜಿಯನ್ನು ನೋಡಿದ್ದೆಲ್ಲ ಜಗಲಿಯ ಮೇಲೆ ಕೂತಿದ್ದನ್ನೇ.

ಒಂದೇ ವಾರಕ್ಕೆ ಟಿಕೆಟ್ ದುಬಾರಿ, ಪ್ರಯಾಣದಲ್ಲೇ ಎರಡು ದಿನ ಹೋಯಿತು, ಒಪ್ಕೋತೀನಿ. ಜೋಗಕ್ಕಂತೂ ಆಗ ಹೋಗಬೇಡಿ, ನೀರು ಎಳೆ ಎಳೆಯಾಗಿರುತ್ತೆ. ಹಂಪಿಗಾದರೆ ಅದೇ ಸರಿಯಾದ ಸಮಯ. ಏಪ್ರಿಲ್‌ನಲ್ಲಿ ಆ ಬಂಡೆಗಳ ಮೇಲೆ ಕಾಲಿಡೋಕಾಗಲ್ಲ. ಊರಿನ ದಾರಿಯಲ್ಲಿ ಎಲೆ ಉದುರಿದ ಮುತ್ತುಗದ ಮರವೊಂದು ಮೈತುಂಬ ಕೆಂಡದ ಬಣ್ಣದ ಹೂ ಬಿಟ್ಟಿತ್ತು. ಅವನು ಕಾರು ನಿಲ್ಲಿಸಿ ಫೋಟೋ ತೆಗೆದ.

ಮೂರನೇ ದಿನ ಬೆಳಿಗ್ಗೆ ಅತ್ತೆ ಕೋಲು ಹಿಡಿದು, "ಬಾರೋ ಮಾಣಿ, ತೋಟಕ್ಕೆ ಹೋಗಿಬರೋಣ" ಅಂದರು. ಮದುವೆಯಾಗಿ ಬಂದ ಹೊಸತರಲ್ಲಿ ತಾವೇ ನೆಟ್ಟ ಅಡಿಕೆ ಮರಗಳನ್ನು ಒಂದೊಂದಾಗಿ ಮುಟ್ಟಿ ತೋರಿಸಿದರಂತೆ. ಅವನ ಕನ್ನಡ ಅಷ್ಟಕ್ಕಷ್ಟೇ. ಆದರೂ ಇಬ್ಬರೂ ಮನೆಗೆ ಬಂದದ್ದು ಊಟದ ಹೊತ್ತಿಗೇ.

ಈ ಸಲ ಟಿಕೆಟ್ ಹುಡುಕ್ತಾ ಇರೋದು ಅವನು. ಟೆನೆರಿಫೆ ಈಸ್ಟರ್‌ಗೆ ಅಂತ ಮಾತಾಗಿದೆ.