ಕೊಲಂಬಸ್ ರಜೆ ಹುಟ್ಟಿದ್ದು ಹೇಗೆ?

ಅಮೆರಿಕದಲ್ಲಿ ನಿಮ್ಮ ಅಕ್ಕ-ಭಾವ ಯಾರಾದ್ರೂ ಇದ್ರೆ, ಅಕ್ಟೋಬರ್‌ನ ಎರಡನೇ ಸೋಮವಾರ ಫೋನ್ ಮಾಡಿ ನೋಡಿ. "ಬ್ಯಾಂಕ್‌ಗೆ ರಜಾ, ಪೋಸ್ಟ್ ಆಫೀಸ್‌ಗೆ ರಜಾ, ನಮಗೆ ಮಾತ್ರ ಕೆಲಸ" ಅಂತ ಗೊಣಗಬಹುದು. ಅದೇ ಕೊಲಂಬಸ್ ಡೇ.

1492ರ ಅಕ್ಟೋಬರ್ 12ರಂದು ಕೊಲಂಬಸ್ ಬಹಾಮಾಸ್‌ನ ಒಂದು ದ್ವೀಪದಲ್ಲಿ ಇಳಿದ. ಹೊರಟಿದ್ದು ನಮ್ಮ ಕಡೆಗೆ, ಇಂಡೀಸ್‌ಗೆ, ತಲುಪಿದ್ದು ಇನ್ನೆಲ್ಲಿಗೋ. ಅಲ್ಲಿನ ಜನರನ್ನ 'ಇಂಡಿಯನ್ಸ್' ಅಂದ, ಆ ಹೆಸರು ಅಂಟಿಕೊಂಡೇ ಬಿಡ್ತು. ಇವತ್ತಿನ ಅಮೆರಿಕ ದೇಶದ ಮುಖ್ಯ ನೆಲಕ್ಕೆ ಆತ ಕಾಲಿಟ್ಟಿದ್ದೇ ಇಲ್ಲ. ಹಾಗಿದ್ರೆ ಅಲ್ಲಿ ಯಾಕೆ ರಜಾ?

ಇದಕ್ಕೆ ಉತ್ತರ ಹುಡುಕೋಕೆ ನ್ಯೂ ಆರ್ಲಿಯನ್ಸ್‌ಗೆ ಹೋಗಬೇಕು. 1890ರ ಅಕ್ಟೋಬರ್‌ನಲ್ಲಿ ಅಲ್ಲಿನ ಪೊಲೀಸ್ ಮುಖ್ಯಸ್ಥ ಡೇವಿಡ್ ಹೆನ್ನೆಸ್ಸಿಯನ್ನ ಗುಂಡಿಟ್ಟು ಕೊಂದ್ರು. ಅನುಮಾನ ಬಿದ್ದಿದ್ದು ಇಟಲಿಯಿಂದ ಬಂದ ವಲಸಿಗರ ಮೇಲೆ. ಆಗ ಇಟಲಿಯವರು ಅಂದ್ರೆ ಬಡವರು, ಕ್ಯಾಥೊಲಿಕ್ಕರು, ಪೂರ್ತಿ 'ಬಿಳಿಯರು' ಅಂತ ಒಪ್ಪಿಕೊಳ್ಳೋಕೂ ಹಲವರಿಗೆ ಮನಸ್ಸಿರಲಿಲ್ಲ. ಒಂಬತ್ತು ಜನರ ವಿಚಾರಣೆ ನಡೀತು. ಒಬ್ಬನಿಗೂ ಶಿಕ್ಷೆ ಆಗಲಿಲ್ಲ. ಮಾರನೇ ದಿನ, 1891ರ ಮಾರ್ಚ್ 14ರಂದು, ಸಾವಿರಾರು ಜನ ಜೈಲಿಗೆ ನುಗ್ಗಿ 11 ಜನರನ್ನ ಕೊಂದರು. ಸತ್ತವರಲ್ಲಿ ಕೆಲವರ ವಿಚಾರಣೆ ಶುರುವೇ ಆಗಿರಲಿಲ್ಲ. ಕೊಂದವರಿಗೆ ಏನಾಯ್ತು ಅಂತೀರಾ? ಏನೂ ಆಗಲಿಲ್ಲ.

ಇಟಲಿ ಸಿಟ್ಟಾಗಿ ತನ್ನ ರಾಯಭಾರಿಯನ್ನ ವಾಪಸ್ ಕರೆಸಿಕೊಳ್ತು. ಯುದ್ಧದ ಮಾತೂ ಎದ್ದಿತ್ತು. ಕೊನೆಗೆ ಅಮೆರಿಕ ಸುಮಾರು 25,000 ಡಾಲರ್ ಪರಿಹಾರ ಕೊಟ್ಟಿತು. ಅದೇ ವರ್ಷ, ಅಂದ್ರೆ 1892ರಲ್ಲಿ, ಕೊಲಂಬಸ್ ಬಂದು 400 ವರ್ಷ ತುಂಬ್ತು. ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಆ ಒಂದು ವರ್ಷಕ್ಕೆ ಮಾತ್ರ ದೇಶಕ್ಕೆಲ್ಲ ಆಚರಣೆ ಘೋಷಿಸಿದ. ಘೋಷಣೆಯಲ್ಲಿ ನ್ಯೂ ಆರ್ಲಿಯನ್ಸ್ ಹೆಸರೇ ಇಲ್ಲ. ಆದ್ರೆ ಇಟಲಿಯವರನ್ನ ಸಮಾಧಾನ ಮಾಡೋ ಲೆಕ್ಕಾಚಾರವೂ ಅದರ ಹಿಂದೆ ಇತ್ತು ಅಂತ ಹಲವು ಇತಿಹಾಸಕಾರರು ಹೇಳ್ತಾರೆ. ಅದು ಚುನಾವಣಾ ವರ್ಷ ಬೇರೆ! (ಅಂದಹಾಗೆ, ಅಮೆರಿಕದ ಮಕ್ಕಳು ಶಾಲೆಯಲ್ಲಿ ಧ್ವಜದ ಮುಂದೆ ಹೇಳೋ ಪ್ರತಿಜ್ಞೆ ಬರೆದಿದ್ದೂ ಈ ಆಚರಣೆಗಾಗಿಯೇ.)

ವಲಸಿಗರು ಕೊಲಂಬಸ್‌ನನ್ನ ಗಟ್ಟಿಯಾಗಿ ಹಿಡ್ಕೊಂಡ್ರು. ಆತ ಜಿನೋವಾದವನು ತಾನೇ! ಕೊಲರಾಡೊ ರಾಜ್ಯ 1907ರಲ್ಲಿ ರಜೆ ಕೊಡ್ತು. ಅದಕ್ಕೆ ಪಟ್ಟು ಹಿಡಿದವನು ಏಂಜೆಲೊ ನೋಸೆ ಅನ್ನೋ ಇಟಲಿ ಮೂಲದ ಮುದ್ರಕ. ಎರಡನೇ ಸೋಮವಾರದ ಲೆಕ್ಕ ಬಂದಿದ್ದು 1971ರಿಂದ.

ನನಗೆ ಕಷ್ಟ ಅನ್ಸೋದು ಇಲ್ಲೇ. ಹೊಡೆತ ತಿಂದ ಜನ ಗೌರವ ಕೇಳಿದ್ದು ಸರಿಯೇ. ಆದ್ರೆ ಅವರು ಆರಿಸಿಕೊಂಡ ಮನುಷ್ಯ 1495ರಲ್ಲಿ ಸುಮಾರು 500 ಟೈನೊ ಜನರನ್ನ ಗುಲಾಮರನ್ನಾಗಿ ಸ್ಪೇನ್‌ಗೆ ಹಡಗು ಹತ್ತಿಸಿದವನು. 1992ರಲ್ಲಿ ಬರ್ಕ್ಲಿ ನಗರ ಆ ದಿನವನ್ನ ಮೂಲನಿವಾಸಿಗಳ ದಿನ ಮಾಡ್ತು. 2021ರಲ್ಲಿ ಅಧ್ಯಕ್ಷ ಬೈಡನ್ ಎರಡೂ ದಿನಗಳಿಗೆ ಒಂದೊಂದು ಘೋಷಣೆ ಹೊರಡಿಸಿದ್ರು.

ಇನ್ನು ನ್ಯೂ ಆರ್ಲಿಯನ್ಸ್? ಆ 11 ಸಾವಿಗೆ ಅಲ್ಲಿನ ಮೇಯರ್ ಅಧಿಕೃತವಾಗಿ ಕ್ಷಮೆ ಕೇಳಿದ್ದು 2019ರಲ್ಲಿ.