ಎಣ್ಣೆ ಕಾಯಿಸುವ ವಿದ್ಯೆ

(ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಮಹಿಳೆಯರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಸೊಪ್ಪು ಹಾಕಿ ಎಣ್ಣೆ ಕಾಯಿಸುವುದನ್ನು ಬಿಜ್ಜರಗಿಯ ಹೆಣ್ಣುಮಕ್ಕಳಿಗೆ ಹೇಳಿಕೊಡುವುದೆಂದರೆ ಜೋಳದ ರೊಟ್ಟಿ ಬಡಿಯುವುದನ್ನು ಕಲಿಸಹೊರಟಂತೆ. ಅಂಥ ಸಾಹಸಕ್ಕೆ ನಾನು ಬಂದಿಲ್ಲ. ನಿಮ್ಮ ಮನೆಗಳಲ್ಲಿ ನಡೆದುಬಂದ ಈ ಕೆಲಸ ಎಷ್ಟು ಹಳೆಯದು, ಅದರ ಹಿಂದಿನ ವಿಚಾರವೇನು, ಅದರಲ್ಲಿ ಯಾವ ಒಂದು ಹಂತವನ್ನು ಎಂದಿಗೂ ಬಿಡಬಾರದು ಎಂಬುದನ್ನು ಮಾತ್ರ ಹೇಳುತ್ತೇನೆ.

ಮಾತಿನಿಂದಲೇ ತೊಡಗೋಣ. ‘ಎಣ್ಣೆ’ ಎಂಬ ಶಬ್ದ ‘ಎಳ್’ ಮತ್ತು ‘ನೆಯ್’ ಸೇರಿ ಆದದ್ದು. ನೆಯ್ ಎಂದರೆ ಜಿಡ್ಡು, ತುಪ್ಪ. ಎಳ್ಳಿನ ನೆಯ್ಯೇ ಎಣ್ಣೆ. ಸಂಸ್ಕೃತದ ‘ತೈಲ’ವೂ ‘ತಿಲ’ದಿಂದ, ಅಂದರೆ ಎಳ್ಳಿನಿಂದಲೇ ಬಂದಿದೆ. ಇಂದು ನಾವು ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ, ಔಡಲ ಎಣ್ಣೆ ಎಂದು ಬೇರೆ ಬೇರೆ ಹೆಸರು ಹೇಳಿದರೂ ಪ್ರತಿಯೊಂದರ ಬಾಲದಲ್ಲಿ ಎಳ್ಳು ಅಡಗಿದೆ.

ನಮ್ಮ ಎರೆಹೊಲದ ಎಣ್ಣೆಯೆಂದರೆ ಕುಸುಬೆ. ಹಿಂಗಾರಿ ಬಿಳಿಜೋಳದ ನಡುವೆ ಅಕ್ಕಡಿಯಾಗಿ ಬಿತ್ತಿದ ಕುಸುಬೆ ಗಾಣಕ್ಕೆ ಹೋಗಿ ಅಡುಗೆಯ ಎಣ್ಣೆಯಾಗುತ್ತಿತ್ತು. ಆದರೆ ತಲೆಗೆ ಹಚ್ಚುವ ಎಣ್ಣೆ ಕಾಯಿಸುವಾಗ ಹಿರಿಯರು ಬಹುಮಟ್ಟಿಗೆ ಕೊಬ್ಬರಿ ಎಣ್ಣೆಯನ್ನೋ ಎಳ್ಳೆಣ್ಣೆಯನ್ನೋ ಆರಿಸಿಕೊಂಡರು. ಇದಕ್ಕೆ ಕಾರಣವುಂಟು. ಕುಸುಬೆ ಎಣ್ಣೆ ಗಾಳಿ ತಗುಲಿದರೆ ಬೇಗ ಅಂಟಾಗುತ್ತದೆ, ಬೇಗ ಕಮಟುತ್ತದೆ. ಅದನ್ನು ಬಹಳ ಹೊತ್ತು ಕಾಯಿಸಿದರೆ ಗೋಂದಿನಂತೆ ಗಟ್ಟಿಯಾಗುತ್ತದೆ. ಎಳ್ಳೆಣ್ಣೆಯಲ್ಲಾದರೋ ಕೆಡದಂತೆ ಕಾಯುವ ಅಂಶಗಳು ಸಹಜವಾಗಿಯೇ ಇವೆ. ಕೊಬ್ಬರಿ ಎಣ್ಣೆಯ ಕೊಬ್ಬಿನ ರಚನೆಯೇ ಗಾಳಿಗೆ ಸುಲಭವಾಗಿ ಬಗ್ಗುವಂಥದಲ್ಲ. ಪ್ರಯೋಗಶಾಲೆಯಿಲ್ಲದ ಕಾಲದಲ್ಲಿ ಇದನ್ನು ಕಂಡುಕೊಂಡದ್ದು ಬಳಕೆಯಿಂದಲೇ.

ಈ ನಾಡಿನಲ್ಲಿ ಇಂಥ ತಿಳಿವಳಿಕೆಯನ್ನು ಬರೆದಿಡುವ ಪರಂಪರೆಯೂ ದೊಡ್ಡದು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, 1025ರ ಸುಮಾರಿಗೆ, ಚಾವುಂಡರಾಯನೆಂಬವನು ‘ಲೋಕೋಪಕಾರ’ ಎಂಬ ಕನ್ನಡ ಗ್ರಂಥವನ್ನು ರಚಿಸಿದ. ನೆಲದೊಳಗಿನ ನೀರು ಹುಡುಕುವುದು, ಗಿಡಗಳ ಆರೈಕೆ, ಅಡುಗೆ, ವೈದ್ಯಗಳ ಜೊತೆಗೆ ಸುಗಂಧದ್ರವ್ಯಗಳ ತಯಾರಿಕೆಗೂ ಅದರಲ್ಲಿ ಸ್ಥಾನವಿದೆ. ನೂರು ವರ್ಷಗಳ ಬಳಿಕ ಅದೇ ವಂಶದ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆದಾಗ ಅಭ್ಯಂಗಸ್ನಾನವನ್ನೂ ಅದರ ಸುವಾಸಿತ ತೈಲವನ್ನೂ ಮರೆಯಲಿಲ್ಲ. ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ವಿಜಯಪುರಕ್ಕೇ ಬನ್ನಿ. 1599ರಲ್ಲಿ ತೊರವಿಯ ಬಳಿ ನವರಸಪುರವನ್ನು ಕಟ್ಟಲು ತೊಡಗಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನಿಗಾಗಿ ‘ಇತ್ರ್-ಎ-ನವರಸ್ ಶಾಹಿ’ ಎಂಬ ಪರಿಮಳಶಾಸ್ತ್ರದ ಪುಸ್ತಕವೇ ಪಾರ್ಸಿಯಲ್ಲಿ ಸಿದ್ಧವಾಯಿತು. ಅರಮನೆಗೆ ಅತ್ತರು, ಜನರ ಮನೆಗೆ ಗರಗದೆಣ್ಣೆ. ಅಂತಸ್ತು ಬೇರೆಯಾದರೂ ವಿದ್ಯೆಯ ಬೇರು ಒಂದೇ: ಗಿಡದ ಸಾರವನ್ನು ಜಿಡ್ಡು ಹಿಡಿದಿಟ್ಟುಕೊಳ್ಳುತ್ತದೆ.

ಹಾಗಾದರೆ ಸಾರವನ್ನು ಎಣ್ಣೆಗೆ ಇಳಿಸುವುದು ಹೇಗೆ? ಹಿಂದಿನಿಂದ ಬಂದ ದಾರಿಗಳು ಮುಖ್ಯವಾಗಿ ಮೂರು.

ಒಂದು, ಹೂವಿನ ದಾರಿ. ಎಳ್ಳಿನ ಜೊತೆಗೆ ಮಲ್ಲಿಗೆಯನ್ನೋ ಕೇದಗೆಯನ್ನೋ ಪದರ ಪದರವಾಗಿ ಹಾಸಿ, ಹೂ ಬಾಡಿದಂತೆ ಬದಲಿಸುತ್ತ, ಪರಿಮಳ ಹಿಡಿದ ಎಳ್ಳನ್ನು ಗಾಣಕ್ಕೆ ಹಾಕುವುದು. ಇಲ್ಲಿ ಬೆಂಕಿಯ ಗೊಡವೆಯಿಲ್ಲ. ಎರಡು, ಒಣ ದಾರಿ. ನೆರಳಲ್ಲಿ ಗರಿಗರಿಯಾಗುವಂತೆ ಒಣಗಿಸಿದ ಎಲೆ, ಬೇರುಗಳನ್ನು ಬೆಚ್ಚಗಿನ ಎಣ್ಣೆಯಲ್ಲಿ ನೆನೆಹಾಕುವುದು. ಮೂರು, ಹಸಿ ದಾರಿ. ಗರಗ, ಒಂದೆಲಗ, ಕರಿಬೇವು, ದಾಸವಾಳದಂಥ ಹಸಿ ಸೊಪ್ಪನ್ನು ಅರೆದು, ರಸ ಹಿಂಡಿ, ಎಣ್ಣೆಯಲ್ಲಿ ಕುದಿಸುವುದು. ನಮ್ಮ ಮನೆಗಳಲ್ಲಿ ಹೆಚ್ಚು ರೂಢಿಯಲ್ಲಿರುವುದು ಇದೇ.

ಈ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಸ್ವಾರಸ್ಯ ಕಾಣುತ್ತದೆ. ಮೂರರಲ್ಲೂ ಎಣ್ಣೆಗೆ ಗಿಡದ ಸಾರ ಬೇಕು, ಗಿಡದ ನೀರು ಬೇಡ. ಮೊದಲನೆಯದರಲ್ಲಿ ಹಸಿ ಹೂ ಎಣ್ಣೆಯೊಳಗೆ ಇಳಿಯುವುದೇ ಇಲ್ಲ. ಎರಡನೆಯದರಲ್ಲಿ ನೀರು ಮೊದಲೇ ಒಣಗಿರುತ್ತದೆ. ಮೂರನೆಯದರಲ್ಲಿ ಬೆಂಕಿ ಅದನ್ನು ಓಡಿಸುತ್ತದೆ. ಎಣ್ಣೆ ಕಾಯಿಸುವುದೆಂದರೆ ನಿಜವಾಗಿ ನೀರು ಕಳೆಯುವುದು.

ವೈದ್ಯಗ್ರಂಥಗಳಲ್ಲಿ, ಮುಖ್ಯವಾಗಿ ಶಾರ್ಙ್ಗಧರ ಸಂಹಿತೆಯಲ್ಲಿ, ಇದಕ್ಕೊಂದು ಲೆಕ್ಕವಿದೆ. ಅರೆದ ಸೊಪ್ಪಿನ ಉಂಡೆ, ಅಂದರೆ ಕಲ್ಕ, ಒಂದು ಪಾಲು. ಎಣ್ಣೆ ನಾಲ್ಕು ಪಾಲು. ರಸ ಅಥವಾ ಕಷಾಯ ಹದಿನಾರು ಪಾಲು. ಮನೆಯ ಅಳತೆಯಲ್ಲಿ ಹೇಳುವುದಾದರೆ ಕಾಲು ಲೀಟರ್ ಎಣ್ಣೆಗೆ 60 ಗ್ರಾಂನಷ್ಟು ಕಲ್ಕ, ಒಂದು ಲೀಟರ್ ರಸ. ಮನೆಗಳಲ್ಲಿ ರಸ ಇದಕ್ಕಿಂತ ಕಡಿಮೆ ಹಾಕುವುದೇ ರೂಢಿ. ಅದರಿಂದ ಕೇಡಿಲ್ಲ. ದಪ್ಪ ತಳದ ಬಾಣಲೆ, ಸಣ್ಣ ಉರಿ, ಕೈ ಬಿಡದ ಸೌಟು, ಇಷ್ಟಿದ್ದರೆ ಸಾಕು.

ಇನ್ನು ಹದದ ಮಾತು. ಕಲ್ಕವನ್ನು ಚಿಟಿಕೆ ತೆಗೆದು ಬೆರಳಲ್ಲಿ ಹೊಸೆದರೆ ಬತ್ತಿಯಂತಾಗಬೇಕು. ಆ ಬತ್ತಿಯನ್ನು ಬೆಂಕಿಗೆ ಹಿಡಿದರೆ ಚಟಚಟ ಸದ್ದಿಲ್ಲದೆ ಉರಿಯಬೇಕು. ಎಣ್ಣೆಯ ಮೇಲೆ ನೊರೆ ಏಳಬೇಕು. ಶಾಸ್ತ್ರ ಹೇಳುವ ಗುರುತುಗಳು ಇವು. ‘ಸದ್ದು ಅಡಗೋ ತನಕ ಇಳಸಬ್ಯಾಡ’ ಎನ್ನುವ ಅಜ್ಜಿಯ ಮಾತಿನಲ್ಲಿರುವುದೂ ಇದೇ.

ಈ ಸದ್ದು ಯಾವುದು? ನೀರು 100 ಡಿಗ್ರಿಗೆ ಹಬೆಯಾಗುತ್ತದೆ, ಎಣ್ಣೆ ಅದಕ್ಕಿಂತ ಬಹಳ ಹೆಚ್ಚು ಕಾಯಬಲ್ಲದು. ಎಣ್ಣೆಯಲ್ಲಿ ಸಿಕ್ಕಿಬಿದ್ದ ನೀರಿನ ಹನಿ ಹಬೆಯಾಗಿ ಸಿಡಿಯುವುದೇ ಚಟಚಟ. ನೀರು ಇರುವ ತನಕ ಬಾಣಲೆಯ ಕಾವು ಹೆಚ್ಚು ಏರುವುದಿಲ್ಲ. ಬೆಂಕಿಯ ಶಕ್ತಿಯೆಲ್ಲ ಹಬೆಗೇ ಖರ್ಚಾಗುತ್ತದೆ. ನೀರು ಮುಗಿದ ಕೂಡಲೇ ಕಾವು ಸರ್ರನೆ ಏರಿ ಸೊಪ್ಪು ಸೀಯುತ್ತದೆ. ಆದ್ದರಿಂದ ಹದದ ಗಳಿಗೆ ಬಹಳ ಚಿಕ್ಕದು. ಮೊದಲೇ ಇಳಿಸಿದರೆ ನೀರು ಉಳಿಯಿತು, ತಡವಾದರೆ ಸಾರ ಸುಟ್ಟಿತು. ಅದನ್ನು ಹಿಡಿಯಲು ಗಡಿಯಾರಕ್ಕಿಂತ ಕಿವಿಯೇ ಮೇಲು.

ಈಗ ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಮೊಬೈಲಿನ ವಿಡಿಯೊ ನೋಡಿ ಹಸಿ ಎಲೆಗಳನ್ನು ಹಾಗೆಯೇ ಬಾಟಲಿಗೆ ತುಂಬಿ, ಎಣ್ಣೆ ಹೊಯ್ದು, ಬಿಸಿಲಿಗಿಟ್ಟು ಬಳಸುವ ರೂಢಿ ಬೆಳೆಯುತ್ತಿದೆ. ನೋಡಲು ಅಂದ. ಆದರೆ ಎಲೆಯ ನೀರು ಒಳಗೇ ಉಳಿದು ಬೂಸ್ಟು ಹಿಡಿಯುತ್ತದೆ. ಕೆಟ್ಟ ಎಣ್ಣೆ ತಲೆಯ ಚರ್ಮಕ್ಕೆ, ಕೂಸಿನ ಮೈಗೆ ತೊಂದರೆ ಕೊಡಬಹುದು. ತಿನ್ನುವ ಎಣ್ಣೆಯಾದರೆ ಅಪಾಯ ಇನ್ನೂ ದೊಡ್ಡದು. 1985ರಲ್ಲಿ ಕೆನಡಾದ ವ್ಯಾಂಕೂವರ್ ನಗರದ ಒಂದು ಹೋಟೆಲಿನಲ್ಲಿ ಎಣ್ಣೆಯಲ್ಲಿ ಇಟ್ಟ ಹೆಚ್ಚಿದ ಬೆಳ್ಳುಳ್ಳಿಯನ್ನು ತಂಪಿನಲ್ಲಿಡದೆ ಬಳಸಿದ್ದರಿಂದ 36 ಮಂದಿ ಬೊಟುಲಿಸಂ ಎಂಬ ವಿಷಬಾಧೆಗೆ ತುತ್ತಾದರು. ಮಣ್ಣಿನಲ್ಲಿರುವ ಆ ರೋಗಾಣುವಿಗೆ ಬೇಕಾದದ್ದು ತೇವ ಮತ್ತು ಗಾಳಿಯಿಲ್ಲದ ಜಾಗ. ಎಣ್ಣೆಯಲ್ಲಿ ಮುಳುಗಿದ ಹಸಿ ಬೆಳ್ಳುಳ್ಳಿಯಲ್ಲಿ ಎರಡೂ ಸಿಗುತ್ತವೆ. ಅದರ ವಿಷಕ್ಕೆ ವಾಸನೆಯಿಲ್ಲ, ರುಚಿಯಿಲ್ಲ. ಆದ್ದರಿಂದ ತಿನ್ನಲು ಮಾಡಿದ ಹಸಿ ಬೆಳ್ಳುಳ್ಳಿ ಎಣ್ಣೆಯನ್ನು ಅಂದಂದೇ ಮುಗಿಸಿ. ಉಳಿದರೆ ಫ್ರಿಜ್ಜಿನಲ್ಲಿಡಿ, ಅದೂ ಮೂರು-ನಾಲ್ಕು ದಿನಗಳಿಗಿಂತ ಹೆಚ್ಚು ಬೇಡ.

ಹಚ್ಚುವ ಎಣ್ಣೆಯನ್ನು ಆರಿದ ಮೇಲೆ ಒಣ ಅರಿವೆಯಲ್ಲಿ ಸೋಸಿ, ಪೂರ್ತಿ ಒಣಗಿದ ಗಾಜಿನ ಸೀಸೆಯಲ್ಲಿ ತುಂಬಿ, ಬಿಸಿಲು ತಾಗದಲ್ಲಿ ಇಡಿ. ಒದ್ದೆ ಕೈ ಅದ್ದಬೇಡಿ. ಕಮಟು ವಾಸನೆ ಬಂದರೆ ಚೆಲ್ಲಿಬಿಡಿ. ಇನ್ನೊಂದು ಮಾತು: ಕೂಸಿನ ಮೈಗೆ ಎಣ್ಣೆ ತಿಕ್ಕುವುದು ಸರಿ, ಮೂಗಿಗೆ ಬಿಡುವುದು ಬೇಡ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ.

ಗರಗದೆಣ್ಣೆ ಹಚ್ಚಿದರೆ ಬೋಳುತಲೆಯಲ್ಲಿ ಕೂದಲು ಬರುತ್ತದೆಂದು ನಾನು ಭರವಸೆ ಕೊಡಲಾರೆ. ಕೊಬ್ಬರಿ ಎಣ್ಣೆ ಕೂದಲ ಒಳಕ್ಕಿಳಿದು ಅದರ ಸವಕಳಿಯನ್ನು ತಗ್ಗಿಸುತ್ತದೆ ಎಂಬುದು 2003ರಲ್ಲಿ ಪ್ರಕಟವಾದ ಭಾರತೀಯ ಸಂಶೋಧನೆಯಲ್ಲಿ ಕಂಡುಬಂದಿದೆ. ಅಷ್ಟು ಫಲವಂತೂ ಉಂಟು.

ಕೊನೆಯದಾಗಿ ಒಂದು ಬಿನ್ನಹ. ಸೊಪ್ಪಿನ ಹೆಸರು, ಅಳತೆಗಳನ್ನು ಚೀಟಿಯಲ್ಲಿ ಬರೆದುಕೊಡಬಹುದು. ಸದ್ದು ಅಡಗಿದ ಗಳಿಗೆಯನ್ನು ಚೀಟಿಯಲ್ಲಿ ಬರೆಯಲಾಗದು. ಈ ಸಲ ದೀಪಾವಳಿಗೆ ಎಣ್ಣೆ ಕಾಯಿಸುವಾಗ ಮಗಳನ್ನೋ ಸೊಸೆಯನ್ನೋ, ಬಿಡುವಿದ್ದರೆ ಮಗನನ್ನೂ, ಒಲೆಯ ಹತ್ತಿರ ಕೂಡ್ರಿಸಿಕೊಳ್ಳಿ. ಅವರೂ ಕೇಳಲಿ.