ಕೈ ಮೇಲೇಳದ ಬೆಳಗು

ಹನೂರು ತಾಲ್ಲೂಕಿನ ಗೋಪಿನಾಥಂ ಕಾವೇರಿ ವನ್ಯಜೀವಿಧಾಮದ ಮಗ್ಗುಲಿನ ಊರು. ಅಲ್ಲೊಬ್ಬ ಹುಡುಗ ಫಾರೆಸ್ಟ್ ಗಾರ್ಡ್ ಆಗುವ ಆಸೆಯಿಂದ ಪುಷ್‌ಅಪ್ ಶುರು ಮಾಡಿದ ಎನ್ನಿ. ಮೊದಲ ದಿನ ಬಲು ಹುರುಪು. ಮರುದಿನ ಅಂಗಿ ತೊಡಲು ಕೈಯೇ ಮೇಲೇಳದು. ‘ಗರಡೀಲಿ ನಾವೂ ದಂಡ ಹೊಡ್ದವ್ರೇ, ನಿಲ್ಲಿಸ್ಬೇಡ ಕಣ್ಲಾ’ ಅನ್ನುತ್ತಾನೆ ತಾತ.

ಆ ಮಾತು ಅರ್ಧ ಸರಿ: ನಿಲ್ಲಿಸಬಾರದು ನಿಜ, ಆದರೆ ಬಿಡುವೂ ಬೇಕು. ಸ್ನಾಯುವಿನ ಎಳೆಗಳಲ್ಲಿ ಕಣ್ಣಿಗೆ ಕಾಣದ ಬಿರುಕುಗಳಾಗಿರುತ್ತವೆ. ನೋವು 24ರಿಂದ 72 ಗಂಟೆಯೊಳಗೆ ಜೋರು. ಮೈ ಆ ಬಿರುಕುಗಳನ್ನು ರಿಪೇರಿ ಮಾಡಿ ಗಟ್ಟಿಯಾಗುವುದು ಬಿಡುವಿನಲ್ಲಿ. ಬಲ ಬರುವುದು ಮಲಗಿದಾಗ. ಅವಸರದ ನಮಗೆ ಇದನ್ನು ನಂಬುವುದೇ ಕಷ್ಟ.

ಹುಡುಗ ಒಂದು ದಿನ ಬಿಟ್ಟು ಒಂದು ದಿನ ಮಾಡಲಿ. ನೆಲದ ಮೇಲೆ ಆಗದಿದ್ದರೆ ಜಗಲಿಯ ಅಂಚಿಗೆ ಕೈಯೂರಲಿ, ಅದರಲ್ಲೇನೂ ನಾಚಿಕೆಯಿಲ್ಲ. ವಾರಕ್ಕೆ ಒಂದೆರಡು ಹೆಚ್ಚಿದರೆ ಸಾಕು. ಕೀಲಿನಲ್ಲಿ ಚುಚ್ಚಿದರೆ, ಮೂತ್ರ ಕಂದುಬಣ್ಣಕ್ಕೆ ತಿರುಗಿದರೆ ಮಾತ್ರ ತಾತನ ಮಾತು ಬದಿಗಿಟ್ಟು ಡಾಕ್ಟರ ಹತ್ತಿರ ಹೋಗಲಿ.